ಟ್ರಂಕಿನಲ್ಲಿರುವ ಹಳೆಯ ಸೀರೆ: ಒಗೆಯುವ ಮೊದಲು ಅದರ ಮುಪ್ಪನ್ನು ಓದುವ ಬಗೆ

ಧಾರವಾಡ, ಬಾಗಲಕೋಟೆ, ವಿಜಯಪುರದ ಕಡೆಯಿಂದ ಮುಂಬೈಗೆ ಬಂದು ಎರಡು ಮೂರು ತಲೆಮಾರು ಕಳೆದ ಮನೆಗಳಲ್ಲಿ ಅಜ್ಜಿಯ ಇಳಕಲ್ ಸೀರೆಯೋ, ಗುಳೇದಗುಡ್ಡದ ಖಣದ ಕುಪ್ಪಸವೋ, ಕಸೂತಿ ಹಾಕಿದ ಚಂದ್ರಕಾಳಿಯೋ ಒಂದಾದರೂ ಉಳಿದಿರುತ್ತದೆ. ದಸರೆಯ ಹೊತ್ತಿಗೆ ಮಳೆ ನಿಂತು ಟ್ರಂಕು ತೆರೆದಾಗ ಹಳದಿಗಟ್ಟಿದ ಮಡಿಕೆಯನ್ನೂ ಕಪ್ಪಾದ ಜರಿಯನ್ನೂ ಕಂಡ ಮನೆಯವರ ಕೈ ಮೊದಲು ಹೋಗುವುದು ನೀರು ತುಂಬಿದ ಬಕೆಟ್ಟಿನ ಕಡೆಗೆ. ಆ ಕೈಯನ್ನು ಒಂದು ದಿನದ ಮಟ್ಟಿಗೆ ತಡೆದು, ಬಟ್ಟೆಯ ಮೇಲಿನ ಹಾನಿಯನ್ನೇ ಸಾಕ್ಷಿಯಾಗಿ ಓದುವುದು ಹೇಗೆಂದು ತಿಳಿಸುವುದಷ್ಟೇ ಈ ಬರಹದ ಕೆಲಸ. ಕಲೆ ಎಲ್ಲಿದೆ, ಹರುಕು ಯಾವ ದಿಕ್ಕಿಗಿದೆ, ಯಾವ ಬಣ್ಣ ಮೊದಲು ಮಾಸಿದೆ ಎಂಬುದನ್ನು ನೋಡಿಯೇ, ಬಟ್ಟೆಯನ್ನು ಮುಪ್ಪಾಗಿಸಿದ್ದು ಬೆಳಕೋ, ತೇವವೋ, ಆಮ್ಲವೋ, ಕಬ್ಬಿಣವೋ ಎಂದು ಬಹುಮಟ್ಟಿಗೆ ಹೇಳಬಹುದು. ಒಮ್ಮೆ ನೀರಿಗೆ ಬಿದ್ದರೆ ಆ ಸಾಕ್ಷಿ ಅಳಿಸಿಹೋಗುತ್ತದೆ. ಕೆಲವು ಸಲ ಬಟ್ಟೆಯೂ ಅದರ ಹಿಂದೆಯೇ ಹೋಗುತ್ತದೆ.

ಇದನ್ನು ಪುಸ್ತಕ ನೋಡಿ ಹೇಳುತ್ತಿಲ್ಲ. ಮುಂಬೈಯ ಗಿರಣಗಾಂವಿನ ಒಂದು ಬಟ್ಟೆ ಗಿರಣಿಯ ಪರೀಕ್ಷಾ ಕೊಠಡಿಯಲ್ಲಿ ವರ್ಷಗಟ್ಟಲೆ ನೂಲಿನ ಬಲ ಅಳೆದ ನಾನೇ, ಮನೆಯಲ್ಲಿದ್ದ ಅಚ್ಚಿನ ಹೊದಿಕೆಯೊಂದನ್ನು ತಣ್ಣೀರು ತಾನೇ ಎಂಬ ಧೈರ್ಯದಿಂದ ನೆನೆಹಾಕಿದ್ದೆ. ಅರ್ಧ ಗಂಟೆಯೊಳಗೆ ಹೂಬಳ್ಳಿಯ ಕಪ್ಪು ಗೆರೆಗಳು ಮಾತ್ರ ಪುಡಿಪುಡಿಯಾಗಿ ಬಕೆಟ್ಟಿನ ತಳಕ್ಕಿಳಿದು, ಗೆರೆಯಿದ್ದ ಕಡೆಯಲ್ಲೆಲ್ಲ ಬಟ್ಟೆ ಬಾಯಿ ಬಿಟ್ಟಿತ್ತು. ಪಕ್ಕದ ಕೆಂಪಿಗೂ ನೀಲಿಗೂ ಏನೂ ಆಗಿರಲಿಲ್ಲ. ಕಪ್ಪಿಗೆ ಮಾತ್ರ ಹೀಗಾದದ್ದಕ್ಕೆ ಕಾರಣ ಮುಂದೆ ಬರುತ್ತದೆ.

ಈ ವಿದ್ಯೆಗೆ ಮುಂಬೈಯಲ್ಲಿ, ಅದರಲ್ಲೂ ಕನ್ನಡಿಗರು ಹೆಚ್ಚಾಗಿ ಓಡಾಡುವ ಮಾಟುಂಗಾದಲ್ಲಿ, ಸುಮಾರು ನೂರು ವರ್ಷದ ಬೇರಿದೆ. ಹತ್ತಿಯನ್ನು ಪರೀಕ್ಷಿಸುವುದಕ್ಕೆಂದು 1924ರಲ್ಲಿ ಇಲ್ಲಿ ಆರಂಭವಾದ ಪ್ರಯೋಗಾಲಯವೇ ಇಂದು ಸಿರ್ಕಾಟ್ ಎಂದು ಹೆಸರಾದ ಕೇಂದ್ರೀಯ ಹತ್ತಿ ತಂತ್ರಜ್ಞಾನ ಸಂಶೋಧನಾ ಸಂಸ್ಥೆ. ಮೊಹೆಂಜೊದಾರೊದಲ್ಲಿ ಬೆಳ್ಳಿಯ ಪಾತ್ರೆಗೆ ಅಂಟಿಕೊಂಡು ಉಳಿದಿದ್ದ ಬಟ್ಟೆಯ ಚೂರನ್ನು ಈ ಪ್ರಯೋಗಾಲಯದ ಗುಲಾಟಿ ಮತ್ತು ಟರ್ನರ್ ಪರೀಕ್ಷಿಸಿದರು. ಹತ್ತಿಯ ಪ್ರಾಚೀನ ಇತಿಹಾಸದ ಕುರಿತು ಅವರು ಬರೆದ ಟಿಪ್ಪಣಿ 1928ರಲ್ಲಿ ಪ್ರಕಟವಾಯಿತು. ನಾರುಗಳು ಅತಿ ಸಣ್ಣ ಎಳೆತಕ್ಕೂ ತುಂಡಾಗುವಷ್ಟು ಜೀರ್ಣವಾಗಿದ್ದವು, ಶಿಲೀಂಧ್ರದ ತಂತುಗಳು ಅವುಗಳ ಒಳಗೆಲ್ಲ ಹೊಕ್ಕಿದ್ದವು. ಆದರೂ ಹತ್ತಿಯ ಗುರುತಾದ ತಿರುಚು ಸೂಕ್ಷ್ಮದರ್ಶಕದಲ್ಲಿ ಕಾಣಿಸಿಕೊಂಡಿತು. ನಮ್ಮ ಮಣ್ಣಿನಲ್ಲಿ ಬಟ್ಟೆ ಸಾವಿರಾರು ವರ್ಷ ಉಳಿಯುವ ವಸ್ತುವಲ್ಲ. ಆ ಚೂರನ್ನು ಉಳಿಸಿದ್ದು ಪಾತ್ರೆಯಿಂದ ಇಳಿದ ಲೋಹದ ಲವಣಗಳು, ಏಕೆಂದರೆ ಅವು ಸೂಕ್ಷ್ಮಜೀವಿಗಳಿಗೆ ವಿಷ. ಹಾಳಾದ ಬಟ್ಟೆಯೂ ಎಷ್ಟು ಮಾತಾಡಬಲ್ಲದು ಎಂಬುದಕ್ಕೆ ನನಗೆ ತಿಳಿದ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ.

ಮೇಜು ಸಿದ್ಧಮಾಡುವುದು

ಕೆಲಸಕ್ಕೆ ಡಿಸೆಂಬರ್ ಅಥವಾ ಜನವರಿಯ ಒಣ ದಿನವನ್ನು ಆರಿಸಿಕೊಳ್ಳಬೇಕು. ಮಳೆಗಾಲದಲ್ಲಿ ಮುಂಬೈಯ ಗಾಳಿಯ ತೇವಾಂಶ ಶೇ 80 ದಾಟಿರುವಾಗ ಹಳೆಯ ಬಟ್ಟೆಯನ್ನು ಬಿಚ್ಚಿಟ್ಟರೆ ಅದು ಆ ತೇವವನ್ನು ಹೀರಿಕೊಂಡು ಮತ್ತೆ ಟ್ರಂಕಿಗೆ ಹೋಗುತ್ತದೆ. ಮೇಜಿನ ಮೇಲೆ ಗಂಜಿ ಹಾಕದ, ಚೆನ್ನಾಗಿ ಒಗೆದ ಬಿಳಿ ಹತ್ತಿಯ ಹಾಸನ್ನು ಹರಡಿ, ಬಳೆ, ಉಂಗುರ, ಗಡಿಯಾರ ತೆಗೆದು, ಕೈ ತೊಳೆದು ಪೂರ್ತಿ ಒಣಗಿಸಿಕೊಂಡು ಕೂರಬೇಕು. ಬೇಕಾದ ಸಲಕರಣೆ ಕಡಿಮೆ: ಒಂದು ಅಳತೆ ಪಟ್ಟಿ, ಗಿರಣಿಗಳಲ್ಲಿ ಪಿಕ್ ಗ್ಲಾಸ್ ಎನ್ನುತ್ತಿದ್ದ ಎಳೆ ಎಣಿಸುವ ಭೂತಗನ್ನಡಿ, ಒಂದು ಸಣ್ಣ ಟಾರ್ಚು, ಮೊಬೈಲಿಗೋ ಲ್ಯಾಪ್‌ಟಾಪಿಗೋ ಜೋಡಿಸುವ ಅಗ್ಗದ ಸೂಕ್ಷ್ಮದರ್ಶಕ, ಪೆನ್ಸಿಲ್ಲು, ಕಾಗದ, ಮತ್ತು ಕೆಲವು ಸಣ್ಣ ಕಾಗದದ ಲಕೋಟೆಗಳು. ಪೆನ್ನು ಬೇಡ, ಏಕೆಂದರೆ ಒಂದು ಹನಿ ಮಸಿ ಬಿದ್ದರೆ ಮುಂದಿನ ಓದುಗರಿಗೆ ಸುಳ್ಳು ಸಾಕ್ಷಿ ಸಿಗುತ್ತದೆ.

ಸೀರೆಯನ್ನು ತುದಿ ಹಿಡಿದು ಝಾಡಿಸಬಾರದು. ಅಡಿಯಲ್ಲಿ ಹಾಸು ಇರುವಂತೆಯೇ ಒಂದೊಂದೇ ಮಡಿಕೆ ಬಿಚ್ಚುತ್ತಾ, ಪ್ರತಿ ಮಡಿಕೆಯ ಫೋಟೋ ತೆಗೆಯುತ್ತಾ ಹೋಗಬೇಕು. ಯಾವ ಮಡಿಕೆ ಹೊರಗಿತ್ತು, ಯಾವುದು ಒಳಗಿತ್ತು ಎಂಬ ಕ್ರಮವೇ ಅರ್ಧ ಮಾಹಿತಿ. ಮಡಿಕೆಯ ನಡುವೆ ಉದುರಿದ ಎಳೆಗಳನ್ನು ಗುಡಿಸಿ ಎಸೆಯದೆ ಲಕೋಟೆಗೆ ಹಾಕಿ, ಸೀರೆಯ ಯಾವ ಭಾಗದಿಂದ ಬಿದ್ದದ್ದೆಂದು ಬರೆದಿಡಬೇಕು. ಮುಂದಿನ ಎಲ್ಲ ಪರೀಕ್ಷೆಯೂ ಈ ಉದುರಿದ ಎಳೆಗಳ ಮೇಲೆಯೇ ನಡೆಯಬೇಕು, ಸೀರೆಯ ಮೇಲಲ್ಲ.

ಹಾಸು, ಹೊಕ್ಕು, ನಾರು

‘ಹಾಸುಹೊಕ್ಕು’ ಎಂದು ಮಾತಿನಲ್ಲಿ ಸಲೀಸಾಗಿ ಬಳಸುವ ನಮಗೆ ಅದು ಮಗ್ಗದ ಉದ್ದದ ಎಳೆ ಮತ್ತು ಅಡ್ಡದ ಎಳೆಯ ಹೆಸರು ಎಂಬುದು ಮರೆತುಹೋಗಿದೆ. ಇಲ್ಲಿ ಅದನ್ನು ನೆನಪಿಸಿಕೊಳ್ಳಲೇಬೇಕು. ಒಂದು ಅಂಗುಲದಲ್ಲಿ ಹಾಸಿನ ಎಳೆ ಎಷ್ಟು, ಹೊಕ್ಕಿನ ಎಳೆ ಎಷ್ಟು ಎಂದು ಗಟ್ಟಿಯಾದ ಭಾಗದಲ್ಲಿ ಒಮ್ಮೆ, ಜೀರ್ಣವಾದ ಭಾಗದಲ್ಲಿ ಒಮ್ಮೆ ಎಣಿಸಿ ಬರೆದುಕೊಳ್ಳಿ. ಹಾಸು ಒಂದು ಬಗೆಯ ನೂಲು, ಹೊಕ್ಕು ಇನ್ನೊಂದು ಬಗೆಯದ್ದಾಗಿದ್ದರೆ ಒಂದು ದಿಕ್ಕಿನ ಎಳೆಗಳು ಮಾತ್ರ ಸತ್ತು, ಇನ್ನೊಂದು ದಿಕ್ಕಿನವು ಜಾಲರಿಯಂತೆ ನೇತಾಡುತ್ತಿರುತ್ತವೆ. ಇದು ಬಳಕೆಯ ಸವೆತವಲ್ಲ, ನಾರಿನದೇ ಕಾಯಿಲೆ.

ಇಳಕಲ್ ಸೀರೆಯಲ್ಲಿ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. ಅದರ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಬೇರೆ ಬೇರೆ ಸಿದ್ಧಪಡಿಸಿ, ಕುಣಿಕೆಗೆ ಕುಣಿಕೆ ಸೇರಿಸುವ ಕೊಂಡಿ ಪದ್ಧತಿಯಲ್ಲಿ ಜೋಡಿಸುತ್ತಾರೆ. ಒಡಲು ಹತ್ತಿಯದ್ದಾಗಿ ಸೆರಗು ರೇಷ್ಮೆಯದೋ ಆರ್ಟ್ ಸಿಲ್ಕ್ ಎಂಬ ಕೃತಕ ರೇಷ್ಮೆಯದೋ ಆಗಿರುವುದು ಸಾಮಾನ್ಯ. ಹೀಗೆ ಒಂದೇ ಸೀರೆಯಲ್ಲಿ ಎರಡು ವಯೋಧರ್ಮಗಳು ಸೇರಿರುವುದರಿಂದ ಕೊಂಡಿಯ ಸಾಲನ್ನು ಬಹಳ ನಿಧಾನವಾಗಿ, ಟಾರ್ಚನ್ನು ಬಟ್ಟೆಗೆ ಸಮಾನಾಂತರವಾಗಿ ಮಲಗಿಸಿ ನೋಡಬೇಕು. ಓರೆ ಬೆಳಕಿನಲ್ಲಿ ಎದ್ದ ಎಳೆ, ಸುಕ್ಕು, ಹಿಂದಿನ ಹೊಲಿಗೆಯ ರಂಧ್ರ ಎಲ್ಲವೂ ನೆರಳು ಬೀಳಿಸಿ ತಾವಾಗಿ ಕಾಣಿಸಿಕೊಳ್ಳುತ್ತವೆ.

ನಾರು ಯಾವುದೆಂದು ತಿಳಿಯಲು ಉದುರಿದ ಎಳೆಯೊಂದನ್ನು ಸೂಕ್ಷ್ಮದರ್ಶಕದಡಿ ಇಡಿ. ಹತ್ತಿ ತಿರುಚಿದ ಚಪ್ಪಟೆ ಪಟ್ಟಿಯಂತೆ ಕಾಣುತ್ತದೆ, ರೇಷ್ಮೆ ಗಾಜಿನ ಕಡ್ಡಿಯಂತೆ ನುಣುಪಾಗಿ, ಉಣ್ಣೆ ಹುರುಪೆ ಹೊದ್ದ ಕೊಳವೆಯಂತೆ. ಇನ್ನೊಂದು ಎಳೆಯನ್ನು ಚಿಮುಟದಲ್ಲಿ ಹಿಡಿದು ಸೀರೆಯಿಂದ ದೂರ, ಬೇರೆ ಕೋಣೆಯಲ್ಲಿ ಸುಟ್ಟರೆ ರೇಷ್ಮೆ ಮತ್ತು ಉಣ್ಣೆ ಕೂದಲು ಸುಟ್ಟ ವಾಸನೆ ಕೊಡುತ್ತವೆ, ಹತ್ತಿ ಕಾಗದ ಸುಟ್ಟ ವಾಸನೆ ಕೊಡುತ್ತದೆ. ರೇಷ್ಮೆ ಎಂದು ಮನೆಯವರೆಲ್ಲ ನಂಬಿದ್ದ ಸೆರಗು ಕಾಗದದ ವಾಸನೆ ಕೊಟ್ಟರೆ ಬೇಸರಪಡಬೇಕಾಗಿಲ್ಲ, ಅದು ಆರ್ಟ್ ಸಿಲ್ಕ್, ಅಂದರೆ ವಿಸ್ಕೋಸ್ ರೇಯಾನ್. ಆದರೆ ಈ ತಿಳಿವಳಿಕೆ ಬಹಳ ಮುಖ್ಯ: ಹೊಸ ಹತ್ತಿ ಒದ್ದೆಯಾದಾಗ ಇನ್ನಷ್ಟು ಗಟ್ಟಿಯಾಗುತ್ತದೆ, ವಿಸ್ಕೋಸ್ ಒದ್ದೆಯಾದಾಗ ತನ್ನ ಬಲದ ಸುಮಾರು ಅರ್ಧವನ್ನು ಕಳೆದುಕೊಳ್ಳುತ್ತದೆ. ಹತ್ತಿಯ ಒಡಲು ಬಕೆಟ್ಟಿನಿಂದ ಸುಖವಾಗಿ ಎದ್ದು ಬಂದು, ಅದೇ ಸೀರೆಯ ಸೆರಗು ಕೈಯಲ್ಲಿ ಹರಿದು ಬರುವುದಕ್ಕೆ ಇದೇ ಕಾರಣ.

ಹಾನಿಯ ನಕ್ಷೆ

ಒಂಬತ್ತು ಗಜದ ಸೀರೆ ಸುಮಾರು 8.2 ಮೀಟರ್ ಇರುತ್ತದೆ. ಅದನ್ನು ಕಾಗದದ ಮೇಲೆ ಒಂದು ಉದ್ದ ಪಟ್ಟಿಯಾಗಿ ಬರೆದು, ಮೀಟರಿಗೊಂದು ಗೆರೆ ಎಳೆದು, ಕಂಡ ಪ್ರತಿ ಹಾನಿಯನ್ನೂ ಅದರ ಜಾಗದಲ್ಲಿ ಗುರುತಿಸುವುದೇ ನಕ್ಷೆ. ಇಡೀ ಕೆಲಸದಲ್ಲಿ ಒಂದನ್ನೇ ಮಾಡಲು ಸಮಯವಿದೆ ಎನ್ನುವವರು ಇದನ್ನು ಮಾಡಲಿ.

ನಕ್ಷೆ ತುಂಬಿದಂತೆ ಕಾರಣಗಳು ತಾವಾಗಿ ಗುಂಪುಗೂಡುತ್ತವೆ. ಹರುಕುಗಳು ಸಮಾನ ಅಂತರದಲ್ಲಿ ಸಾಲಾಗಿ ಬಂದಿದ್ದರೆ ಅವು ಮಡಿಕೆಯ ಗೆರೆಗಳು: ವರ್ಷಗಟ್ಟಲೆ ಒಂದೇ ಕಡೆ ಬಾಗಿದ ನಾರು ಅಲ್ಲಿಯೇ ಮುರಿದಿರುತ್ತದೆ. ಹೊರಮೈಯ ಒಂದೇ ಮಡಿಕೆ ಕಂದಾಗಿದ್ದರೆ ಅದು ಮರದ ಪೆಟ್ಟಿಗೆಯನ್ನೋ ಅಗ್ಗದ ಕಾಗದವನ್ನೋ ತಾಗಿದ್ದ ಮಡಿಕೆ, ಏಕೆಂದರೆ ಮರವೂ ಸುದ್ದಿಪತ್ರಿಕೆಯ ಕಾಗದವೂ ಆಮ್ಲದ ಆವಿ ಬಿಡುತ್ತವೆ. ಸೊಂಟಕ್ಕೆ ಸಿಕ್ಕಿಸುವ ಭಾಗ ಮತ್ತು ಕುಪ್ಪಸದ ಕಂಕುಳಿನ ಹಾನಿ ಬೆವರಿನದು. ನಡುವೆ ತೆಳು, ಅಂಚಿನಲ್ಲಿ ದಟ್ಟ ಕಂದು ಗೆರೆಯಿರುವ ಕಲೆ ನೀರಿನದು. ಒದ್ದೆ ಮತ್ತು ಒಣ ಭಾಗ ಸೇರುವ ಗಡಿಯಲ್ಲಿ ಹತ್ತಿಯ ನಾರಿನ ಮೂಲವಸ್ತುವಾದ ಸೆಲ್ಯುಲೋಸ್ ಉತ್ಕರ್ಷಣಗೊಂಡು ಆ ಗೆರೆ ಹುಟ್ಟುತ್ತದೆ, ಹಾಗೂ ಕಣ್ಣಿಗೆ ಕಾಣದಷ್ಟು ತೆಳುವಾಗಿದ್ದಾಗಲೂ 365 ನ್ಯಾನೋಮೀಟರಿನ ನೇರಳಾತೀತ ಟಾರ್ಚಿನಡಿ ಮಿನುಗಬಲ್ಲದು. ಅದೇ ಟಾರ್ಚಿನಡಿ ಬಟ್ಟೆಯೆಲ್ಲ ನೀಲಿ ಬಿಳುಪಾಗಿ ಹೊಳೆದರೆ ಯಾರೋ ಇದನ್ನು ಇತ್ತೀಚಿನ ಡಿಟರ್ಜೆಂಟಿನಲ್ಲಿ ಆಗಲೇ ಒಗೆದಿದ್ದಾರೆ ಎಂದು ತಿಳಿಯಬೇಕು. ಅತ್ತೆಯೋ ಅತ್ತಿಗೆಯೋ ಎಂಬ ವಿಚಾರಣೆ ಮನೆಯವರಿಗೆ ಬಿಟ್ಟದ್ದು.

ನಮ್ಮ ಸೀರೆಗಳಲ್ಲಿ ಅರಿಶಿನದ ಕಲೆ ಇಲ್ಲದಿರುವುದು ಅಪರೂಪ. ಅರಿಶಿನದ ಬಣ್ಣ ಬೆಳಕಿಗೆ ಬೇಗ ಮಾಸುತ್ತದೆ, ಕ್ಷಾರ ತಾಗಿದರೆ ಕೆಂಪಾಗುತ್ತದೆ; ಸುಣ್ಣ ಬೆರೆಸಿ ಕುಂಕುಮ ಮಾಡುವುದು ಇದೇ ಗುಣದಿಂದ. ಹಳದಿ ಕಲೆಗೆ ಸೋಪು ಹಚ್ಚಿದ ಕೂಡಲೇ ಅದು ಕೆಂಪಾಗುವುದೂ ಇದೇ ರಸಾಯನಶಾಸ್ತ್ರ. ಅಂಥ ಕಲೆಯನ್ನು ಹೋಗಲಾಡಿಸುವುದಕ್ಕಿಂತ ಅದು ಯಾವ ಶುಭಕಾರ್ಯದ್ದೆಂದು ಮನೆಯ ಹಿರಿಯರನ್ನು ಕೇಳಿ ನಕ್ಷೆಯ ಪಕ್ಕದಲ್ಲಿ ಬರೆದುಕೊಳ್ಳುವುದು ಮೇಲೆಂದು ನನ್ನ ಅಭಿಪ್ರಾಯ.

ಕಪ್ಪು ಏಕೆ ಮೊದಲು ಸಾಯುತ್ತದೆ

ಅಚ್ಚಿನ ಬಟ್ಟೆಗಳಲ್ಲಿ ಕಪ್ಪು ಗೆರೆ ಬರುವುದು ಸಾಮಾನ್ಯವಾಗಿ ಕಬ್ಬಿಣ ಮತ್ತು ಟ್ಯಾನಿನ್ ಎಂಬ ಸಸ್ಯಗಳ ಒಗರು ಪದಾರ್ಥದ ಸಂಯೋಗದಿಂದ. ಅಳಲೆಕಾಯಿಯ ಕಷಾಯದಲ್ಲಿ ಅದ್ದಿದ ಬಟ್ಟೆಯ ಮೇಲೆ, ತುಕ್ಕು ಹಿಡಿದ ಕಬ್ಬಿಣವನ್ನು ಬೆಲ್ಲದ ನೀರಿನಲ್ಲಿ ಹುಳಿಬರಿಸಿ ಮಾಡಿದ ದ್ರಾವಣವನ್ನು ಬರೆದರೆ ತಕ್ಷಣ ಕಪ್ಪು ಮೂಡುತ್ತದೆ. ಆದರೆ ಕಬ್ಬಿಣ ಬಟ್ಟೆಯೊಳಗೆ ಸುಮ್ಮನೆ ಕೂರುವುದಿಲ್ಲ: ಅದು ಗಾಳಿಯ ಆಮ್ಲಜನಕ ಸೆಲ್ಯುಲೋಸನ್ನು ಕಡಿಯುವ ಕ್ರಿಯೆಗೆ ವೇಗವರ್ಧಕವಾಗುತ್ತದೆ, ಜೊತೆಗಿರುವ ಆಮ್ಲ ಇನ್ನೊಂದು ಕಡೆಯಿಂದ ಅದೇ ಸರಪಳಿಯನ್ನು ಜಲವಿಭಜನೆಯಿಂದ ತುಂಡರಿಸುತ್ತದೆ. ಹತ್ತಿಯ ಸೆಲ್ಯುಲೋಸ್ ಸರಪಳಿಯಲ್ಲಿ ಮೊದಲು ಸಾವಿರಾರು ಗ್ಲೂಕೋಸ್ ಘಟಕಗಳಿರುತ್ತವೆ. ಅದು ಕೆಲವು ನೂರಕ್ಕೆ ಇಳಿಯುವ ಹೊತ್ತಿಗೆ ನಾರು ನೋಡಲು ನಾರಿನಂತೆಯೇ ಇದ್ದರೂ ಬಲ ಉಳಿದಿರುವುದಿಲ್ಲ. ನನ್ನ ಬಕೆಟ್ಟಿನಲ್ಲಿ ಕಪ್ಪು ಮಾತ್ರ ತಳಕ್ಕಿಳಿದದ್ದು ಹೀಗೆ. ನೀರು ಅದನ್ನು ಕೊಲ್ಲಲಿಲ್ಲ, ಎಂದೋ ಸತ್ತಿದ್ದದ್ದನ್ನು ಬಯಲು ಮಾಡಿತು, ಅಷ್ಟೆ. ಮೊಹೆಂಜೊದಾರೊದಲ್ಲಿ ಬಟ್ಟೆಯನ್ನು ಕಾಪಾಡಿದ್ದು ಲೋಹ, ಇಲ್ಲಿ ಕೊಂದದ್ದೂ ಲೋಹ.

ಚಂದ್ರಕಾಳಿಯ ಕಪ್ಪು ದಟ್ಟವಾದ ನೀಲಿಯ (ಇಂಡಿಗೊ ಬಣ್ಣದ) ಮುಳುಗಿನಿಂದ ಬಂದಿದ್ದರೆ ಈ ಭಯವಿಲ್ಲ, ಏಕೆಂದರೆ ನೀಲಿಗೆ ಕಬ್ಬಿಣದ ಹಂಗಿಲ್ಲ. ಎರಡನ್ನೂ ಬೇರ್ಪಡಿಸಲು, ಹಳೆಯ ಮಸಿಯ ಪರೀಕ್ಷೆಗೆ ಗ್ರಂಥಾಲಯಗಳು ಬಳಸುವ ಬ್ಯಾಥೋಫೆನಾಂತ್ರೊಲಿನ್ ಪಟ್ಟಿ ಉಪಯೋಗಕ್ಕೆ ಬರುತ್ತದೆ: ಉದುರಿದ ಕಪ್ಪು ಎಳೆಯನ್ನು ಬಟ್ಟಿಯಿಳಿಸಿದ ನೀರಿನಿಂದ ತುಸುವೇ ತೇವಗೊಳಿಸಿದ ಪಟ್ಟಿಗೆ ಒತ್ತಿದಾಗ ಬಿಡಿ ಕಬ್ಬಿಣದ ಅಯಾನುಗಳಿದ್ದರೆ ಕೆನ್ನೇರಳೆ ಬಣ್ಣ ಹತ್ತುತ್ತದೆ. ಹತ್ತಿದರೆ ಆ ಬಟ್ಟೆಗೆ ನೀರು ಮುಟ್ಟಿಸುವ ಯೋಚನೆಯನ್ನೇ ಬಿಡಬೇಕು. ತುಕ್ಕು ಹಿಡಿದ ಪಿನ್ನು, ಟ್ರಂಕಿನ ಕಬ್ಬಿಣದ ಬಿಜಾಗರಿ ತಾಗಿದ ಕಡೆಯ ಕಂದು ಕಲೆಯೂ ಇದೇ ದಾರಿಯಲ್ಲಿ ಮುಂದೆ ತೂತಾಗುವಂಥದ್ದು. ಪಿನ್ನುಗಳನ್ನು ಇಂದೇ ತೆಗೆಯಿರಿ.

ಹಾನಿಯ ಮತ್ತೊಂದು ವಿಚಿತ್ರ ರೂಪ ಸೀಳಿದ ರೇಷ್ಮೆ. ರೇಷ್ಮೆಯ ಮೇಲಿನ ಅಂಟನ್ನು ಬೇಯಿಸಿ ತೆಗೆದಾಗ ತೂಕದ ಐದರಲ್ಲೊಂದರಿಂದ ನಾಲ್ಕರಲ್ಲೊಂದು ಭಾಗ ಹೋಗುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲೂ ಇಪ್ಪತ್ತನೆಯ ಶತಮಾನದ ಆರಂಭದಲ್ಲೂ ಯುರೋಪಿನ ಕಾರ್ಖಾನೆಗಳು ಆ ನಷ್ಟ ತುಂಬಲು, ಕೆಲವೊಮ್ಮೆ ಅದಕ್ಕೂ ಮೀರಿ, ರೇಷ್ಮೆಗೆ ತವರದ ಲವಣಗಳನ್ನು ಕುಡಿಸಿದವು, ಏಕೆಂದರೆ ರೇಷ್ಮೆ ಮಾರಾಟವಾಗುತ್ತಿದ್ದದ್ದು ತೂಕದಿಂದ. ಹಳೆಯ ಕುಪ್ಪಸದ ವಿಲಾಯತಿ ರಿಬ್ಬನ್ನೋ ಅಸ್ತರಿಯೋ ಯಾರೂ ಮುಟ್ಟದಿದ್ದರೂ ಚಾಕುವಿನಿಂದ ಗೀರಿದಂತೆ ಸಮಾನಾಂತರವಾಗಿ ಸೀಳಿದ್ದರೆ ಇದನ್ನೇ ಶಂಕಿಸಬೇಕು. ಹೊಲಿದು ಸರಿಪಡಿಸಲು ಹೋದರೆ ಸೂಜಿಯ ಪ್ರತಿ ರಂಧ್ರವೂ ಹೊಸ ಸೀಳಿಗೆ ದಾರಿಯಾಗುತ್ತದೆ.

ಜರಿಯ ವಿಷಯ ಚಿಕ್ಕದು. ನಿಜವಾದ ಜರಿ ಎಂದರೆ ರೇಷ್ಮೆಯ ಎಳೆಗೆ ಸುತ್ತಿದ, ಚಿನ್ನದ ಲೇಪವಿರುವ ಬೆಳ್ಳಿಯ ಪಟ್ಟಿ. ಅದರ ಕಪ್ಪು ಬೆಳ್ಳಿಯ ಸಲ್ಫೈಡ್, ಗಂಧಕ ಬರುವುದು ನಗರದ ಗಾಳಿಯಿಂದ, ಪಕ್ಕದಲ್ಲಿಟ್ಟ ಉಣ್ಣೆಯಿಂದ, ರಬ್ಬರ್ ಬ್ಯಾಂಡಿನಿಂದ. ಹಸಿರು ಕಿಲುಬು ಕಂಡರೆ ತಾಮ್ರ ಬೆರೆತಿದೆ. ಹಲ್ಲುಪುಡಿ, ಹುಣಿಸೆಹುಳಿ, ಪಾಲಿಶ್ ಇವು ಯಾವುವೂ ಬೇಡ. ಕಪ್ಪಿನ ಜೊತೆಗೆ ಉಳಿದ ಚಿನ್ನವೂ ಕೆರೆದು ಹೋಗುತ್ತದೆ.

ಬೆಳಕಿನ ಲೆಕ್ಕ

ಬೆಳಕಿನ ಹಾನಿ ಹಿಂತಿರುಗುವುದಿಲ್ಲ, ಕೂಡುತ್ತಾ ಹೋಗುತ್ತದೆ. ಆದ್ದರಿಂದ ಅದನ್ನು ಲಕ್ಸ್ ಗಂಟೆಗಳಲ್ಲಿ, ಅಂದರೆ ಬೀಳುವ ಬೆಳಕಿನ ಪ್ರಖರತೆಯನ್ನು (ಲಕ್ಸ್) ಅದು ಬಿದ್ದ ಗಂಟೆಗಳಿಂದ ಗುಣಿಸಿ, ಎಣಿಸುತ್ತಾರೆ. ಅತಿ ಸೂಕ್ಷ್ಮ ಬಣ್ಣಗಳಿಗೆ ವರ್ಷಕ್ಕೆ 15,000 ಲಕ್ಸ್ ಗಂಟೆ ಮಿತಿಯೆಂದು ಅಂತರರಾಷ್ಟ್ರೀಯ ಬೆಳಕು ಆಯೋಗ 2004ರ ತನ್ನ ವರದಿಯಲ್ಲಿ ಸೂಚಿಸಿದೆ. ವಸ್ತುಸಂಗ್ರಹಾಲಯಗಳು ಬಟ್ಟೆಗೆ ಸಾಮಾನ್ಯವಾಗಿ ಪಾಲಿಸುವ 50 ಲಕ್ಸ್ ಮಂದ ಬೆಳಕಿನಲ್ಲಿ ದಿನಕ್ಕೆ 8 ಗಂಟೆ ಇಟ್ಟರೂ ಆ ಮಿತಿ 38 ದಿನದೊಳಗೆ ಮುಗಿಯುತ್ತದೆ. ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯದಂಥ ಕಡೆ ಬಟ್ಟೆಗಳ ಮುಂದೆ ನಿಂತು ದೀಪ ಏಕಿಷ್ಟು ಮಂಕು ಎಂದು ಗೊಣಗುವವರು ಈ ಲೆಕ್ಕವನ್ನು ಮಾಡಿ ನೋಡಬೇಕು. ಇನ್ನು ಚೌಕಟ್ಟು ಹಾಕಿಸಿ ಹಾಲ್‌ನಲ್ಲಿ ತೂಗುಹಾಕಿದ ಕಸೂತಿಗೆ 200 ಲಕ್ಸ್ ಬೆಳಕು ದಿನಕ್ಕೆ 10 ಗಂಟೆ ಬಿದ್ದರೆ ವರ್ಷಕ್ಕೆ 7,30,000 ಲಕ್ಸ್ ಗಂಟೆ, ಅಂದರೆ ಮಿತಿಯ ಸುಮಾರು 49 ಪಟ್ಟು.

ನಂಬಿಕೆ ಬಾರದವರು ಮನೆಯಲ್ಲೇ ಪ್ರಯೋಗ ಮಾಡಬಹುದು. ಅರಿಶಿನ, ಮಂಜಿಷ್ಠ, ನೀಲಿ ಇವುಗಳಿಂದ ಬಣ್ಣ ಹಾಕಿದ ಮೂರು ಹೊಸ ಹತ್ತಿಯ ಪಟ್ಟಿಗಳನ್ನು ರಟ್ಟಿಗೆ ಅಂಟಿಸಿ, ಪ್ರತಿಯೊಂದರ ಅರ್ಧವನ್ನು ಅಲ್ಯೂಮಿನಿಯಂ ಹಾಳೆಯಿಂದ ಮುಚ್ಚಿ ಕಿಟಕಿಯ ಒಳಗೆ ನಿಲ್ಲಿಸಿ, ವಾರಕ್ಕೊಮ್ಮೆ ಒಂದೇ ಬೆಳಕಿನಲ್ಲಿ ಫೋಟೋ ತೆಗೆಯಿರಿ. ಅರಿಶಿನ ಕೆಲವೇ ದಿನಗಳಲ್ಲಿ ಸೋಲುವುದನ್ನು ನೋಡಬಹುದು. ಪ್ರಯೋಗಾಲಯದಲ್ಲಿ ಇದೇ ಕೆಲಸಕ್ಕೆ ಬ್ಲೂ ವೂಲ್ ಎಂಬ, 1ರಿಂದ 8ರವರೆಗೆ ಶ್ರೇಣಿಯಿರುವ ನೀಲಿ ಉಣ್ಣೆಯ ಪಟ್ಟಿಗಳನ್ನು ಬಳಸುತ್ತಾರೆ. ನೇರಳಾತೀತ ಕಿರಣ ಬಣ್ಣವನ್ನಷ್ಟೇ ಅಲ್ಲ, ನಾರನ್ನೂ ತಿನ್ನುತ್ತದೆ. ಅದರಲ್ಲಿ ಎಲ್ಲಕ್ಕಿಂತ ಬೇಗ ಸೋಲುವುದು ರೇಷ್ಮೆ. ಹಳೆಯ ರೇಷ್ಮೆಯನ್ನು ‘ಬಿಸಿಲಿಗೆ ಹಾಕುವ’ ರೂಢಿಯನ್ನು ಬಿಟ್ಟು, ನೆರಳಿನಲ್ಲಿ ಗಾಳಿಗೆ ಹರಡುವುದು ಸರಿ.

ಮತ್ತೆ ಒಳಗಿಡುವಾಗ

ತೇವಾಂಶ ಶೇ 65 ದಾಟಿ ನಿಂತರೆ ಬೂಷ್ಟು ಬರಲು ಅನುಕೂಲ, ಗಂಜಿ ಹಾಕಿದ ಬಟ್ಟೆಯಾದರೆ ಅದಕ್ಕೆ ಊಟವೂ ಸಿಕ್ಕಂತಾಯಿತು. ಕಪಾಟಿನೊಳಗೆ ಒಂದು ಸಣ್ಣ ಹೈಗ್ರೋಮೀಟರ್ ಇಟ್ಟು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಮ್ಮೆ ಅಂಕಿ ಬರೆದುಕೊಳ್ಳಿ. ಹೊರಗೋಡೆಗೆ ತಾಗಿದ ಕಪಾಟು ಮತ್ತು ಒಳಗೋಡೆಯ ಕಪಾಟಿನ ನಡುವಿನ ವ್ಯತ್ಯಾಸ ನಿಮಗೇ ಅಚ್ಚರಿ ತರಬಹುದು. ಸೀರೆಯನ್ನು ಹಳೆಯ ಮೆತ್ತನೆಯ ಮಲ್ ಬಟ್ಟೆಯಲ್ಲಿ ಸುತ್ತಿ, ಸಾಧ್ಯವಿದ್ದರೆ ಮಲ್ ಹೊದಿಸಿದ ದಪ್ಪ ಕೊಳವೆಗೆ ಸುರುಳಿ ಮಾಡಿ ಇಡಬೇಕು. ಮಡಿಸಲೇಬೇಕಾದರೆ ಮಡಿಕೆಯೊಳಗೆ ಬಟ್ಟೆಯ ಉರುಳೆ ಇಟ್ಟು, ಪ್ರತಿ ವರ್ಷ ಬೇರೆ ಗೆರೆಯಲ್ಲಿ ಮಡಿಸಬೇಕು. ಪಿವಿಸಿ ಚೀಲ ಹಳೆಯದಾದಂತೆ ಹೈಡ್ರೋಕ್ಲೋರಿಕ್ ಆಮ್ಲ ಬಿಡುವುದರಿಂದ ಅದು ಬೇಡ. ನುಸಿಗುಳಿಗೆಯಾಗಲಿ ಬೇವಿನ ಸೊಪ್ಪಾಗಲಿ ಬಟ್ಟೆಗೆ ನೇರವಾಗಿ ತಾಗಬಾರದು. ಉಣ್ಣೆಯಲ್ಲಿ ಹುಳ ಕಂಡರೆ ಅದನ್ನು ಪಾಲಿಥೀನಿನಲ್ಲಿ ಗಾಳಿಯಾಡದಂತೆ ಕಟ್ಟಿ ಮೈನಸ್ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎರಡು ವಾರ ಇಟ್ಟು, ಹೊರತೆಗೆದ ಮೇಲೆ ಚೀಲ ಕೋಣೆಯ ಉಷ್ಣತೆಗೆ ಬರುವ ತನಕ ಬಿಚ್ಚದಿರಬೇಕು.

ಪ್ರಯೋಗಾಲಯಕ್ಕೆ ಹೋಗುವ ಮುನ್ನ

ಮ್ಯೂಸಿಯಂಗಳ ಸಂರಕ್ಷಣಾ ತಜ್ಞರ ಬಳಿ, ಜವಳಿ ಪ್ರಯೋಗಾಲಯಗಳ ಬಳಿ ಹೋಗುವವರು ‘ಇದು ಎಷ್ಟು ಹಳೆಯದು’ ಎಂದು ಕೇಳಿದರೆ ನಿರಾಸೆಯಾಗುವುದೇ ಹೆಚ್ಚು. ಪ್ರಶ್ನೆ ಚಿಕ್ಕದಾದಷ್ಟೂ ಉತ್ತರ ಗಟ್ಟಿಯಾಗಿರುತ್ತದೆ. ರೇಷ್ಮೆಯಲ್ಲಿ ತವರವಿದೆಯೇ, ಬಣ್ಣ ಹಿಡಿಸಲು ಕಬ್ಬಿಣ ಬಳಸಿದ್ದಾರೆಯೇ ಎಂದು ತಿಳಿಯಲು ಎಕ್ಸ್‌ರೇ ಫ್ಲೋರೊಸೆನ್ಸ್ ಬೇಕು. ಅದು ಬಟ್ಟೆಯನ್ನು ಕತ್ತರಿಸದೆ ಧಾತುಗಳನ್ನು ಹೇಳುತ್ತದೆ. ನಾರು ಎಷ್ಟು ಉತ್ಕರ್ಷಣಗೊಂಡಿದೆ ಎಂಬುದನ್ನು ಅವಕೆಂಪು ರೋಹಿತದಿಂದ ಅಂದಾಜಿಸಬಹುದು. ಬಣ್ಣದ ಅಣು ಯಾವುದೆಂದು ತಿಳಿಯಲು, ಬಣ್ಣವನ್ನು ದ್ರವದಲ್ಲಿ ಕರಗಿಸಿ ಅದರ ಅಣುಗಳನ್ನು ಬೇರ್ಪಡಿಸುವ ಎಚ್‌ಪಿಎಲ್‌ಸಿ ಪರೀಕ್ಷೆ ಬೇಕು, ಅದಕ್ಕೆ ಕೆಲವು ಮಿಲಿಮೀಟರ್ ಎಳೆ ಬಲಿಯಾಗುತ್ತದೆ. ಕಾಲದ ಪ್ರಶ್ನೆಗೂ ಇಲ್ಲಿ ಅಡ್ಡದಾರಿಯೊಂದಿದೆ: ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞ ಪರ್ಕಿನ್ ಮೊದಲ ಅನಿಲೀನ್ (ಕೃತಕ) ಬಣ್ಣವನ್ನು ಕಂಡುಹಿಡಿದದ್ದು 1856ರಲ್ಲಿ, ಆದ್ದರಿಂದ ಮೂಲ ನೂಲಿನಲ್ಲಿ ಅಂಥ ಬಣ್ಣ ಸಿಕ್ಕರೆ ಬಟ್ಟೆ ಅದಕ್ಕಿಂತ ಹಳೆಯದಲ್ಲ ಎಂದು ನಿಸ್ಸಂಶಯವಾಗಿ ಹೇಳಬಹುದು. ಮುಂದೆ ಎಷ್ಟು ವರ್ಷ ಬಾಳೀತು ಎಂಬ ಲೆಕ್ಕಕ್ಕೆ ಹೊಸ ಬಟ್ಟೆಯನ್ನು ಒಲೆಯಲ್ಲಿ ಕಾಯಿಸಿ ಕೃತಕವಾಗಿ ಮುಪ್ಪಾಗಿಸುವ ಪದ್ಧತಿಯಿದೆ. ಎರಡು ಬಟ್ಟೆಗಳನ್ನು ಹೋಲಿಸಲು ಅದು ಒಳ್ಳೆಯದು. ಆದರೆ ಒಲೆಯ ಇಷ್ಟು ದಿನ ಎಂದರೆ ಟ್ರಂಕಿನ ಇಷ್ಟು ವರ್ಷ ಎಂಬ ಸಮೀಕರಣವನ್ನು ನಾನು ನಂಬುವುದಿಲ್ಲ, ಏಕೆಂದರೆ ಒಲೆಗೆ ಮಳೆಗಾಲವಿಲ್ಲ.

ಹೋಗುವಾಗ ಸೀರೆಯನ್ನು ಒಯ್ಯುವುದು ಬೇಡ. ನಕ್ಷೆ, ಬಿಚ್ಚಿದ ಕ್ರಮದ ಫೋಟೋಗಳು, ಎಳೆಯೆಣಿಕೆಯ ಅಂಕಿಗಳು ಮತ್ತು ಉದುರಿದ ಎಳೆಗಳ ಲಕೋಟೆಗಳು ಸಾಕು. ಪ್ರತಿ ಲಕೋಟೆಯ ಮೇಲೆ ದಿನಾಂಕ, ಎಳೆ ಬಿದ್ದ ಮೀಟರ್, ಅಂಚೋ ಒಡಲೋ ಸೆರಗೋ ಎಂಬುದು, ಆ ದಿನದ ತೇವಾಂಶ, ಮತ್ತು ಈ ಸೀರೆಯನ್ನು ಕೊನೆಯ ಸಲ ಯಾವಾಗ, ಯಾವುದರಲ್ಲಿ ಒಗೆದರೆಂಬ ನೆನಪು ಇವಿಷ್ಟನ್ನು ಪೆನ್ಸಿಲ್ಲಿನಲ್ಲಿ ಬರೆದಿರಲಿ.